ಹದಿನೇಳು ಬೀಗದ ಕೈ, ಒಂದು ಡಿಪ್ಲೊಮಾ

ನಮ್ಮ ಹೈಸ್ಕೂಲು ನನ್ನ ಕೈಗೆ ಬಂದದ್ದು ಒಂದು ಶನಿವಾರ, ಬೆಳಗಿನ ಶಾಲೆ ಮುಗಿದ ಮೇಲೆ. ಹೆಡ್‌ಮಾಸ್ಟರಿಗೆ ಅವತ್ತು ರಿಟೈರ್‌ಮೆಂಟು. ಹಾರ ಹಾಕಿ, ಶಾಲು ಹೊದಿಸಿ, ಮೈಸೂರುಪಾಕು ತಿಂದು, ಗ್ರೂಪ್ ಫೋಟೋ ಎಲ್ಲ ಆದ ಮೇಲೆ ನನ್ನನ್ನು ಒಳಗೆ ಕರೆದು ಚಾರ್ಜ್ ಲಿಸ್ಟ್ ಮುಂದಿಟ್ಟರು. ಕಬ್ಬಿಣದ ಬೀರು 4, ಡೆಸ್ಕು 62, ಗ್ಲೋಬು 1 (ಸ್ಟ್ಯಾಂಡ್ ಇಲ್ಲ), ಬೀಗದ ಕೈ 17. ಒಂದೊಂದೇ ಕೈ ಎತ್ತಿ ಇದು ಲ್ಯಾಬು, ಇದು ಅಕ್ಕಿ ರೂಮು ಅಂತ ಹೇಳುತ್ತಾ ಬಂದವರು ಕೊನೆಯ ಎರಡಕ್ಕೆ ನಿಂತರು. "ಇವು ಯಾವ ಬೀಗದ್ದು ಅಂತ ನನಗೂ ಗೊತ್ತಿಲ್ಲ ಮೇಷ್ಟ್ರೇ, ನನಗೆ ಕೊಟ್ಟೋರಿಗೂ ಗೊತ್ತಿರಲಿಲ್ಲ. ಆದ್ರೆ ಎಸೀಬೇಡಿ, ಲಿಸ್ಟಲ್ಲಿದೆ."

ಶಾಲೆ ನಡೆಸುವುದಕ್ಕೆ ನನಗೆ ಸಿಕ್ಕ ತರಬೇತಿ ಇಷ್ಟೇ. ಎಂಟನೇ ಕ್ಲಾಸಿಗೆ ಗಣಿತ ಹೇಳಿಕೊಡಲು ನಾನು ಬಿ.ಎಸ್ಸಿ ಓದಬೇಕಾಯಿತು, ಬಿ.ಎಡ್ ಮಾಡಬೇಕಾಯಿತು, ಸಿಇಟಿ ಬರೆಯಬೇಕಾಯಿತು. ಇಡೀ ಶಾಲೆ, ಹನ್ನೊಂದು ಜನ ಮೇಷ್ಟ್ರುಗಳು, ಮೂರು ಬ್ಯಾಂಕ್ ಖಾತೆ, ಒಂದು ಅಡುಗೆಮನೆ, ಇವನ್ನೆಲ್ಲ ನೋಡಿಕೊಳ್ಳಲು ಯಾವ ಪರೀಕ್ಷೆಯೂ ಇರಲಿಲ್ಲ. ಸೀನಿಯಾರಿಟಿ ಪಟ್ಟಿಯಲ್ಲಿ ಆ ಶಾಲೆಯ ಮಟ್ಟಿಗೆ ನಾನು ಮೊದಲಿನವನು, ಹಾಗಾಗಿ ಪ್ರಭಾರ ನನಗೆ. ಅಷ್ಟೇ.

ಈ ಕೆಲಸವನ್ನೂ ಕಲಿಸುವ ಕೋರ್ಸುಗಳಿವೆ, ಅದೂ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ. ಇವು ಇರುವುದೇ ಬಹಳ ಜನ ಮೇಷ್ಟ್ರುಗಳಿಗೆ ಗೊತ್ತಿಲ್ಲ. ಗೊತ್ತಿರುವವರು ಕೇಳುವ ಪ್ರಶ್ನೆ ಒಂದೇ, ಮಾಡಿದರೆ ಏನು ಲಾಭ?

ದೆಹಲಿಯಲ್ಲಿ ನೀಪಾ, ಅಂದರೆ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ ಅಂತ ಒಂದಿದೆ. 1962ರಲ್ಲಿ ಯುನೆಸ್ಕೋ ಏಷ್ಯಾದ ಶಿಕ್ಷಣ ಅಧಿಕಾರಿಗಳಿಗೆ ಅಂತ ಶುರು ಮಾಡಿದ ಕೇಂದ್ರ ಅದು. 1970ರಲ್ಲಿ ಭಾರತ ಸರ್ಕಾರ ತೆಗೆದುಕೊಂಡು ರಾಷ್ಟ್ರೀಯ ಸ್ಟಾಫ್ ಕಾಲೇಜು ಅಂತ ಹೆಸರಿಟ್ಟಿತು, 1979ರಲ್ಲಿ ನೀಪಾ ಆಯಿತು, 2006ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ. ದುಡ್ಡು ಪೂರ್ತಿ ಕೇಂದ್ರ ಸರ್ಕಾರದ್ದು. ಶೈಕ್ಷಣಿಕ ಯೋಜನೆ ಮತ್ತು ಆಡಳಿತದಲ್ಲಿ ಅದು ಕೊಡುವ ಡಿಪ್ಲೊಮಾ ಹಳೆಯದು, ಒಳ್ಳೆಯ ಹೆಸರಿದೆ. ಆದರೆ ಅದು ಮುಖ್ಯವಾಗಿ ಇಲಾಖೆಯ ಅಧಿಕಾರಿಗಳಿಗೆ. ರಾಜ್ಯ ಸರ್ಕಾರ ಕಳಿಸಬೇಕು, ಅವರು ಹೋಗಬೇಕು. ಹಳ್ಳಿ ಹೈಸ್ಕೂಲಿನ ಮೇಷ್ಟ್ರು ಸುಮ್ನೆ ಅರ್ಜಿ ಹಾಕಿ ಹೋಗಿ ಕೂರುವ ಜಾಗ ಅಲ್ಲ.

ನಮ್ಮಂಥವರಿಗೆ ಕೈಗೆ ಎಟುಕುವುದು ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಅಲ್ಲಿ ಶೈಕ್ಷಣಿಕ ನಿರ್ವಹಣೆ ಮತ್ತು ಆಡಳಿತದ ಪಿಜಿ ಡಿಪ್ಲೊಮಾ ಇದೆ, ಚಿಕ್ಕದಾಗಿ ಪಿಜಿಡೆಮಾ ಅನ್ನುತ್ತಾರೆ. ಯಾವುದೇ ಡಿಗ್ರಿ ಇದ್ದರೂ ಸೇರಬಹುದು. ಒಂದು ವರ್ಷದ ಕೋರ್ಸು, ಮೂರು ವರ್ಷದವರೆಗೆ ಎಳೆಯಬಹುದು. ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70. ಕೆಲಸ ಬಿಡಬೇಕಿಲ್ಲ, ರಜೆ ಹಾಕಬೇಕಿಲ್ಲ. ಇನ್ನೂ ಒಂದು ಗುಟ್ಟು: ಆ ಕೋರ್ಸಿನ ಪುಸ್ತಕಗಳು ಇಗ್ನೋದ ಇಜ್ಞಾನಕೋಶ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ನಾನು ಫೀಸು ಕಟ್ಟಲಿಲ್ಲ, ಪುಸ್ತಕ ಮಾತ್ರ ಓದಿದೆ. ಜಿಪುಣತನ ಅನ್ನಿ ಪರವಾಗಿಲ್ಲ.

ಫೀಸು ಕಟ್ಟಿ, ಅಸೈನ್‌ಮೆಂಟ್ ಬರೆದು, ಪರೀಕ್ಷೆ ಪಾಸು ಮಾಡಿದವರು ಪಕ್ಕದ ಕ್ಲಸ್ಟರಿನ ಒಬ್ಬ ಮೇಡಂ. ಅವರು ಅಂಕಪಟ್ಟಿ ತಗೊಂಡು ಸೇವಾ ಪುಸ್ತಕದಲ್ಲಿ ನಮೂದು ಮಾಡಿಸಲು ಆಫೀಸಿಗೆ ಹೋದಾಗ ನಾನೂ ಜೊತೆಗಿದ್ದೆ. ಕೇಸ್ ವರ್ಕರ್ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದರು.

"ಇದಕ್ಕೆ ಇನ್‌ಕ್ರಿಮೆಂಟ್ ಬರತ್ತಾ ಮೇಡಂ?"

"ಇಲ್ಲ."

"ಪ್ರಮೋಷನ್ನಿಗೆ?"

"ಇಲ್ಲ ಸರ್."

"ಮತ್ತೆ ಯಾಕ್ ಮಾಡಿದ್ರಿ?"

ಆತ ಚುಚ್ಚಿ ಕೇಳಿದ್ದಲ್ಲ, ನಿಜವಾಗಲೂ ಅರ್ಥವಾಗದೆ ಕೇಳಿದ್ದು. ಅವರು ಕೇಳಿದ್ದೇ ಈ ಇಡೀ ವಿಷಯದ ಗಂಟು. ಒಂದು ಸರ್ಟಿಫಿಕೇಟಿಗೆ ಬೆಲೆ ಬರುವುದು ವಿಶ್ವವಿದ್ಯಾಲಯ ಕೊಟ್ಟಾಗ ಅಂತ ನಾವು ತಿಳಿದಿರುತ್ತೇವೆ. ಕೆಲಸ ಕೊಡುವವನು ಕೇಳಿದಾಗ ಮಾತ್ರ ಅದಕ್ಕೆ ಬೆಲೆ. ನಮ್ಮಲ್ಲಿ ಕೇಳುವವರೇ ಇಲ್ಲ.

ಕೇಳುವವರು ಇಲ್ಲದಿರುವುದಕ್ಕೆ ಕಾರಣವೂ ಇದೆ. ಬಡ್ತಿ ಅಂದರೆ ನಮ್ಮಲ್ಲಿ ಜ್ಯೇಷ್ಠತೆ. ಅದನ್ನು ಬೈಯುವುದು ಸುಲಭ. ಆದರೆ ಸೀನಿಯಾರಿಟಿ ಪಟ್ಟಿಗೆ ಒಂದು ದೊಡ್ಡ ಗುಣ ಇದೆ: ಅದಕ್ಕೆ ಯಾರು ಯಾವ ಎಂಎಲ್‌ಎ ಕಡೆಯವರು ಅಂತಲೂ ಗೊತ್ತಿಲ್ಲ, ಹುಟ್ಟಿದ ತಾರೀಕು ಮತ್ತು ಸೇರಿದ ತಾರೀಕು ಮಾತ್ರ ಗೊತ್ತು. "ಯೋಗ್ಯತೆ ನೋಡಿ ಕೊಡೋಣ" ಅಂದ ಕೂಡಲೇ ಯೋಗ್ಯತೆ ನೋಡುವವರು ಯಾರು ಅನ್ನುವ ಪ್ರಶ್ನೆ ಬರುತ್ತದೆ, ಆಮೇಲೆ ಏನಾಗುತ್ತದೆ ಅಂತ ನಿಮಗೂ ಗೊತ್ತು ನನಗೂ ಗೊತ್ತು. ಹಾಗಾಗಿ ಮೇಷ್ಟ್ರುಗಳ ಸಂಘ ಸೀನಿಯಾರಿಟಿ ಹಿಡಿದು ಜಗ್ಗುವುದನ್ನು ನಾನು ತಪ್ಪು ಅನ್ನಲಾರೆ.

ಪ್ರೈಮರಿ ಶಾಲೆಯ ಕಥೆ ಇನ್ನೂ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದನೇ ತರಗತಿಯಲ್ಲಿ 150ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಮಾತ್ರ ಪ್ರತ್ಯೇಕ ಮುಖ್ಯ ಶಿಕ್ಷಕರು. ನಮ್ಮ ಕಡೆಯ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಎಷ್ಟೋ ಕಡೆ 30 ಮಕ್ಕಳಿಗೆ ಇಬ್ಬರು ಮೇಷ್ಟ್ರು, ಇಬ್ಬರಲ್ಲಿ ಒಬ್ಬರು ಹೆಡ್ಡು. ನಲಿಕಲಿ ಕಾರ್ಡು ಜೋಡಿಸುವವರೂ ಅವರೇ, ತೊಗರಿಬೇಳೆ ತೂಕ ನೋಡುವವರೂ ಅವರೇ. ಅವರಿಗೆ "ಸಾಂಸ್ಥಿಕ ನಾಯಕತ್ವ" ಅನ್ನುವ ಪಾಠ ತೋರಿಸಿದರೆ ನಗುತ್ತಾರೆ.

ಇನ್ನು ಆ ಪುಸ್ತಕಗಳಲ್ಲಿ ಇರುವುದೇನು, ನನ್ನ ದಿನದಲ್ಲಿ ಇದ್ದದ್ದೇನು ಅಂತ ಹೇಳುತ್ತೇನೆ.

ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರೇ ಬಟವಾಡೆ ಅಧಿಕಾರಿ. ಎಲ್ಲರ ಸಂಬಳದ ಬಿಲ್ಲನ್ನು ಸಿಬ್ಬಂದಿ ಸಂಬಳದ ಸರ್ಕಾರಿ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಅವರೇ ಮಾಡಬೇಕು, ಖಜಾನೆ-2 ಅನ್ನುವ ಸರ್ಕಾರದ ಆನ್‌ಲೈನ್ ಖಜಾನೆಗೆ ಅವರ ಡಿಜಿಟಲ್ ಸಹಿ ಬೇಕು. ನಾನು ಪ್ರಭಾರಿ, ನನ್ನ ಹೆಸರಿಗೆ ಬಟವಾಡೆ ಅಧಿಕಾರದ ಆರ್ಡರ್ ಆಗಿ ಸಹಿಯ ಕೀಲಿ ಬರುವವರೆಗೆ ಹನ್ನೊಂದು ಜನರ ಸಂಬಳ ನಿಂತಿತು. ಮನೆ ಸಾಲದ ಕಂತು ಕಟ್ಟಬೇಕಾದ ಸಹೋದ್ಯೋಗಿಗಳು ದಿನಾ ಬೆಳಿಗ್ಗೆ ನನಗೆ ನಮಸ್ಕಾರ ಹೇಳುವ ರೀತಿಯೇ ಬೇರೆ ಆಯಿತು. ನಮ್ಮ ಶಾಲೆಯಲ್ಲಿ ಎಸ್‌ಡಿಎ ಹುದ್ದೆ ಖಾಲಿ, ಹಾಗಾಗಿ ಗುಮಾಸ್ತನೂ ನಾನೇ. ನಗದು ಪುಸ್ತಕದಲ್ಲಿ ತಪ್ಪಾದರೆ ಬಿಳಿ ಇಂಕು ಹಚ್ಚಬಾರದು, ಅಡ್ಡ ಗೆರೆ ಎಳೆದು ಮೇಲೆ ಸರಿ ಅಂಕಿ ಬರೆದು ಸಣ್ಣ ಸಹಿ ಹಾಕಬೇಕು ಅನ್ನುವುದು ನನಗೆ ಗೊತ್ತಾದದ್ದು ಬಿಳಿ ಇಂಕು ಹಚ್ಚಿದ ಮೇಲೆ.

ಬಿಸಿಯೂಟದ ಮೊಟ್ಟೆ ವಿಷಯ ಹೇಳದಿದ್ದರೆ ಯಾವ ಹೆಡ್‌ಮಾಸ್ಟರೂ ನನ್ನನ್ನು ಕ್ಷಮಿಸುವುದಿಲ್ಲ. ಒಂದು ಮೊಟ್ಟೆಗೆ ಆಗ ಸರ್ಕಾರ ಇಟ್ಟಿದ್ದ ಲೆಕ್ಕ 6 ರೂಪಾಯಿ, ಬೇಯಿಸುವ ಗ್ಯಾಸು, ಸುಲಿಯುವ ಕೂಲಿ ಎಲ್ಲ ಅದರಲ್ಲೇ. ಅಂಗಡಿಯಲ್ಲಿ ದರ ಅದನ್ನು ದಾಟಿದ ದಿನ ಮಿಕ್ಕದ್ದು ಎಲ್ಲಿಂದ ಬರಬೇಕು? ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ಬೇಕೆನ್ನುವವರೆಷ್ಟು ಅಂತ ಬೆಳಿಗ್ಗೆ ಎಣಿಸಬೇಕು. ಮಧ್ಯಾಹ್ನ ಆ ಎಣಿಕೆ ತಪ್ಪಿರುತ್ತದೆ. ನಿನ್ನೆ ಬಾಳೆಹಣ್ಣು ಅಂದ ಹುಡುಗ ಇವತ್ತು ಗೆಳೆಯನ ತಟ್ಟೆ ನೋಡಿ ಮೊಟ್ಟೆ ಅನ್ನುತ್ತಾನೆ. ಇದರ ಮಧ್ಯೆ ಸ್ಯಾಟ್ಸ್, ಯೂಡೈಸ್ ಅನ್ನುವ ಜಾಲತಾಣಗಳಿಗೆ ಮಕ್ಕಳ, ಶಾಲೆಯ ಮಾಹಿತಿ ತುಂಬುವುದು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ.

ಇದ್ಯಾವುದೂ ಡಿಪ್ಲೊಮಾ ಪುಸ್ತಕದಲ್ಲಿ ಇಲ್ಲ. ಇರಲೂ ಸಾಧ್ಯವಿಲ್ಲ, ಇಡೀ ದೇಶಕ್ಕೆ ಬರೆದ ಪುಸ್ತಕದಲ್ಲಿ ನಮ್ಮ ರಾಜ್ಯದ ಸೇವಾ ನಿಯಮಗಳಾದ ಕೆಸಿಎಸ್‌ಆರ್ ಎಲ್ಲಿಂದ ಬರಬೇಕು. ಅಲ್ಲಿರುವುದು ಯೋಜನೆ ಹಾಕುವುದು ಹೇಗೆ, ಜಗಳ ಬಿಡಿಸುವುದು ಹೇಗೆ, ಮೇಲ್ವಿಚಾರಣೆ ಅಂದರೆ ಏನು, ಈ ಥರದ್ದು. ಮೊದಲ ತಿಂಗಳಲ್ಲಿ ಓದಿದ್ದರೆ ಎಸೆಯುತ್ತಿದ್ದೆ. ಆರನೇ ತಿಂಗಳಲ್ಲಿ ಓದಿದೆ, ಬಿಲ್ಲುಗಳು ಕೈಗೆ ಒಗ್ಗಿದ ಮೇಲೆ. ಆಗ ಒಂದು ಮಾತು ತಲೆಯಲ್ಲಿ ಉಳಿಯಿತು: ಹೆಡ್ಡಾದವರು ಪಾಠ ನಡೆಯುವಾಗ ಕ್ಲಾಸಿನಲ್ಲಿ ಕೂತು ನೋಡಬೇಕು.

ನೋಡೋಣ ಅಂತ ಮಾರನೇ ದಿನ ಒಂಬತ್ತನೇ ಕ್ಲಾಸಿನ ವಿಜ್ಞಾನದ ಪಿರಿಯಡ್ಡಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮೇಡಂ ಪಾಠ ನಿಲ್ಲಿಸಿ, ಚಾಕ್‌ಪೀಸ್ ಕೆಳಗಿಟ್ಟು, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಸರ್, ಏನಾದ್ರೂ ಸೈನ್ ಬೇಕಿತ್ತಾ?" ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಯಾವ ಹೆಡ್‌ಮಾಸ್ಟರೂ ಸಹಿಗಲ್ಲದೆ ಬೇರೆ ಕಾರಣಕ್ಕೆ ಅವರ ಕ್ಲಾಸಿಗೆ ಬಂದಿರಲಿಲ್ಲ. ಇನ್‌ಸ್ಪೆಕ್ಷನ್ನಿನವರು ಬಂದಿದ್ದರು, ಅವರದ್ದು ಬೇರೆ. ಏನೂ ಬೇಡ ಮೇಡಂ, ಸುಮ್ನೆ ಪಾಠ ಕೇಳ್ತೀನಿ ಅಂದೆ. ಅವರಿಗೆ ನಂಬಿಕೆ ಬರಲು ಮೂರು ವಾರ ಹಿಡಿಯಿತು.

ನೀಪಾದ ಒಳಗೇ 2012ರಲ್ಲಿ ಶಾಲಾ ನಾಯಕತ್ವಕ್ಕೆ ಅಂತ ಒಂದು ರಾಷ್ಟ್ರೀಯ ಕೇಂದ್ರ ಹುಟ್ಟಿತು. ಅವರ ಪಠ್ಯಕ್ರಮದಲ್ಲಿ ಏಳು ಭಾಗ. ತನ್ನನ್ನು ತಾನು ಬೆಳೆಸಿಕೊಳ್ಳುವುದು, ಕಲಿಕೆಯನ್ನು ಬದಲಿಸುವುದು, ತಂಡ ಕಟ್ಟುವುದು ಎಲ್ಲ ಆಗಿ ಏಳನೆಯದು ಶಾಲಾ ಆಡಳಿತ. ಆಸೆ ಒಳ್ಳೆಯದೇ. ನಮ್ಮ ಧಾರವಾಡದ ಸಿಸ್ಲೆಪ್ ಕೂಡ ಇದೇ ಕೆಲಸಕ್ಕೆ ಇರುವ ರಾಜ್ಯ ಸಂಸ್ಥೆ. ಆದರೆ ನಮ್ಮ ದಿನ ಶುರುವಾಗುವುದೇ ಏಳನೆಯದರಿಂದ, ಸಂಜೆ ಮುಗಿಯುವುದೂ ಅಲ್ಲೇ. ಮೊದಲನೆಯದಕ್ಕೆ ಬರುವಷ್ಟರಲ್ಲಿ ರಿಟೈರ್‌ಮೆಂಟು ಬಂದಿರುತ್ತದೆ.

ಹೆಡ್‌ಮಾಸ್ಟರು ಒಳ್ಳೆಯವರಾದರೆ ಮಕ್ಕಳ ಕಲಿಕೆಗೆ ಏನಾದರೂ ವ್ಯತ್ಯಾಸ ಆಗುತ್ತದಾ? ಆಗುತ್ತದೆ ಅನ್ನುವುದಕ್ಕೆ ಅಮೆರಿಕದ ಲೆಕ್ಕ ಇದೆ. ವಾಲೆಸ್ ಫೌಂಡೇಷನ್ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೂರು ಪ್ರಿನ್ಸಿಪಾಲರನ್ನು ಸಾಲಾಗಿ ನಿಲ್ಲಿಸಿ, ಕೆಳಗಿನಿಂದ 25ನೆಯವರ ಜಾಗಕ್ಕೆ 75ನೆಯವರನ್ನು ತಂದರೆ ಆ ಶಾಲೆಯ ಮಕ್ಕಳಿಗೆ ವರ್ಷದಲ್ಲಿ ಗಣಿತದಲ್ಲಿ 2.9 ತಿಂಗಳ, ಓದಿನಲ್ಲಿ 2.7 ತಿಂಗಳ ಕಲಿಕೆ ಜಾಸ್ತಿ ಸಿಕ್ಕಂತೆ. ಒಬ್ಬ ಒಳ್ಳೆಯ ಮೇಷ್ಟ್ರಿಂದ ಅವರ ಕ್ಲಾಸಿಗೆ ಲಾಭ, ಒಬ್ಬ ಒಳ್ಳೆಯ ಹೆಡ್ಡಿಂದ ಇಡೀ ಶಾಲೆಗೆ. ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಪ್ರಿನ್ಸಿಪಾಲ್ ಆಗಲು ಲೈಸೆನ್ಸ್ ಬೇಕು. ಟೆಕ್ಸಾಸಿನಲ್ಲಾದರೆ ಮಾಸ್ಟರ್ಸ್ ಡಿಗ್ರಿ, ಎರಡು ವರ್ಷ ಪಾಠ ಮಾಡಿದ ಅನುಭವ, ಮಾನ್ಯತೆ ಪಡೆದ ತರಬೇತಿ, ಆಮೇಲೆ ಪರೀಕ್ಷೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಶೈಕ್ಷಣಿಕ ಆಡಳಿತದಲ್ಲಿ ಗ್ರಾಜುಯೇಟ್ ಸರ್ಟಿಫಿಕೇಟ್ ನಡೆಸುವುದು ಮುಖ್ಯವಾಗಿ ಇದಕ್ಕೇ. ಈಗಾಗಲೇ ಮಾಸ್ಟರ್ಸ್ ಇರುವ ಮೇಷ್ಟ್ರು ಇನ್ನೊಂದು ಡಿಗ್ರಿ ಮಾಡದೆ ಲೈಸೆನ್ಸಿಗೆ ಬೇಕಾದಷ್ಟನ್ನು ಓದಿ ಮುಗಿಸುತ್ತಾರೆ. ನಮ್ಮವರು ಎಷ್ಟೋ ಜನ ಗಂಡನ ಜೊತೆ ಅಥವಾ ಹೆಂಡತಿಯ ಜೊತೆ ಅಲ್ಲಿಗೆ ಹೋಗಿ ಮತ್ತೆ ಪಾಠಕ್ಕೆ ಇಳಿಯುತ್ತಾರಲ್ಲ, ಅವರು ಒಂದು ನೆನಪಿಟ್ಟುಕೊಳ್ಳಬೇಕು. ಸರ್ಟಿಫಿಕೇಟ್ ಕೊಡುವುದು ವಿಶ್ವವಿದ್ಯಾಲಯ, ಲೈಸೆನ್ಸ್ ಕೊಡುವುದು ರಾಜ್ಯ. ಎರಡೂ ಬೇರೆ ಬೇರೆ ಕಾಗದ. ತಮ್ಮ ರಾಜ್ಯದ ಲೈಸೆನ್ಸಿಗೆ ಈ ಕೋರ್ಸು ನಡೆಯುತ್ತದಾ ಅಂತ ಕೇಳದೆ ಫೀಸು ಕಟ್ಟಬಾರದು.

ಹಾಗಾದರೆ ನಮ್ಮಲ್ಲೂ ಕಡ್ಡಾಯ ಮಾಡಿಬಿಟ್ಟರೆ ಆಯಿತಲ್ವಾ? ಡಿಪ್ಲೊಮಾ ಇಲ್ಲದಿದ್ದರೆ ಹೆಡ್‌ಮಾಸ್ಟರ್ ಇಲ್ಲ ಅಂತ?

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಈಗ ಹೆದರಿಕೆ ಆಗುತ್ತದೆ. ಇಂಗ್ಲೆಂಡ್ ಅದನ್ನು ಮಾಡಿ ನೋಡಿತು. 1997ರಲ್ಲಿ ಹೆಡ್‌ಟೀಚರುಗಳಿಗೆ ಒಂದು ರಾಷ್ಟ್ರೀಯ ಅರ್ಹತೆ ತಂದರು, 2009ರಲ್ಲಿ ಹೊಸದಾಗಿ ಹೆಡ್ಡಾಗುವವರಿಗೆ ಕಡ್ಡಾಯ ಮಾಡಿದರು, 2012ರಲ್ಲಿ ಕಡ್ಡಾಯ ತೆಗೆದುಹಾಕಿದರು. ಮೂರೇ ವರ್ಷ. ಅದು ದೂರದ ಮಾತು, ಬಿಡಿ. ನಮ್ಮ ಬಿ.ಎಡ್ ಕಥೆ ನೋಡಿ. ಪಾಠ ಮಾಡಲು ಬಿ.ಎಡ್ ಕಡ್ಡಾಯ ಅಂತ ಆದ ಮೇಲೆ ಏನಾಯಿತು? 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಬರೆದಿದೆ, ನ್ಯಾಯಮೂರ್ತಿ ವರ್ಮಾ ಆಯೋಗವನ್ನು ಉಲ್ಲೇಖಿಸಿ: 10,000ಕ್ಕೂ ಹೆಚ್ಚು ಇರುವ ಬಿಡಿ ಶಿಕ್ಷಕ ತರಬೇತಿ ಕಾಲೇಜುಗಳಲ್ಲಿ ಬಹುಪಾಲು ದುಡ್ಡಿಗೆ ಡಿಗ್ರಿ ಮಾರುತ್ತಿವೆ ಅಂತ. ಸರ್ಕಾರವೇ ಒಪ್ಪಿಕೊಂಡ ಮಾತು ಇದು. ಹೆಡ್‌ಮಾಸ್ಟರ್ ಡಿಪ್ಲೊಮಾ ಕಡ್ಡಾಯ ಅಂತ ಆದೇಶ ಹೊರಡಲಿ, ಮುಂದಿನ ಜೂನ್ ಹೊತ್ತಿಗೆ ಪ್ರತಿ ತಾಲ್ಲೂಕು ಬಸ್‌ಸ್ಟ್ಯಾಂಡಿನ ಎದುರು ಒಂದು ಬೋರ್ಡು ಬರುತ್ತದೆ, ಹಾಜರಾತಿ ಬೇಕಿಲ್ಲ, ಪಾಸ್ ಗ್ಯಾರಂಟಿ.

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಮಧ್ಯಪ್ರದೇಶದ ಅನುಭವ. ಅಲ್ಲಿ ಶಾಲೆಗಳ ಆಡಳಿತ ಸುಧಾರಿಸಲು ಒಂದು ದೊಡ್ಡ ಕಾರ್ಯಕ್ರಮ ನಡೆಯಿತು. ಪ್ರತಿ ಶಾಲೆಯ ಮೌಲ್ಯಮಾಪನ ಮಾಡುವುದು, ಅದರ ಮೇಲೆ ಆ ಶಾಲೆಗೇ ಒಂದು ಸುಧಾರಣಾ ಯೋಜನೆ ಬರೆಯುವುದು, ಮೇಲಿನವರು ಬಂದು ಉಸ್ತುವಾರಿ ಮಾಡುವುದು. ಕಾಗದದ ಮೇಲೆ ಅಚ್ಚುಕಟ್ಟು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಅದನ್ನು 1,774 ಶಾಲೆಗಳಲ್ಲಿ ಅಳೆದು ನೋಡಿದರು. ಮೌಲ್ಯಮಾಪನ ಆಗಿತ್ತು, ಯೋಜನೆ ಬರೆದಾಗಿತ್ತು, ಫೈಲು ಭರ್ತಿಯಾಗಿತ್ತು. ಪಾಠ ಮಾಡುವ ರೀತಿ ಬದಲಾಗಿರಲಿಲ್ಲ, ಮಕ್ಕಳ ಕಲಿಕೆಯೂ ಅಲುಗಿರಲಿಲ್ಲ. ತಮಾಷೆ ಅಂದರೆ ಅಷ್ಟರಲ್ಲಿ ಅದು ಯಶಸ್ವಿ ಅಂತ ಹೆಸರಾಗಿ ದೇಶದಲ್ಲಿ 6 ಲಕ್ಷಕ್ಕೂ ಹೆಚ್ಚು ಶಾಲೆಗಳಿಗೆ ಹಬ್ಬಿತ್ತು. ಇದನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ನಮ್ಮ ಬೀರುವಿನಲ್ಲೂ ಶಾಲಾ ಅಭಿವೃದ್ಧಿ ಯೋಜನೆಯ ಫೈಲು ಇದೆ. ಹಿಂದಿನ ವರ್ಷದ್ದನ್ನು ನೋಡಿ ಬರೆದದ್ದು, ಇಸವಿ ಬದಲಿಸಿ. ನಾನೇ ಬರೆದದ್ದು.

ಹಾಗಾಗಿ ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಯಾವಾಗ ಕಲಿಸುತ್ತೀರಿ, ಯಾರ ಖರ್ಚಿನಲ್ಲಿ ಅನ್ನುವುದು. ಸಿಂಗಪುರ 1984ರಲ್ಲೇ ಶೈಕ್ಷಣಿಕ ಆಡಳಿತದ ಡಿಪ್ಲೊಮಾ ಶುರು ಮಾಡಿತು. ಮುಂದೆ ಪ್ರಿನ್ಸಿಪಾಲ್ ಆಗುವವರನ್ನು ಮೊದಲೇ ಆರಿಸಿ, ಶಾಲೆಯಿಂದ ಒಂದು ವರ್ಷ ಬಿಡಿಸಿ, ಪೂರ್ತಿ ಸಂಬಳ ಕೊಟ್ಟು ಓದಿಸುತ್ತಿದ್ದರು. 2001ರಿಂದ ಅದರ ಜಾಗಕ್ಕೆ ಆರು ತಿಂಗಳ ಕೋರ್ಸು ಬಂತು, ಅದೂ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲೇ. ಪುಟ್ಟ ದೇಶ, ದುಡ್ಡಿರುವ ದೇಶ, ನಮಗೆ ಹೋಲಿಕೆ ಅಲ್ಲ ಅನ್ನಬಹುದು, ಸರಿ. ಆದರೆ ಕುರ್ಚಿಗೆ ಕೂರುವ ಮೊದಲು ಕಲಿಸಬೇಕು ಅನ್ನುವುದಕ್ಕೆ ದುಡ್ಡು ಬೇಕಿಲ್ಲ. ನಮ್ಮಲ್ಲಿ ಯಾರು ಯಾವ ತಿಂಗಳು ರಿಟೈರ್ ಆಗುತ್ತಾರೆ ಅಂತ ಹತ್ತು ವರ್ಷ ಮೊದಲೇ ಗೊತ್ತಿರುತ್ತದೆ. ಮುಂದಿನವರು ಯಾರು ಅನ್ನುವುದೂ ಆ ಸೀನಿಯಾರಿಟಿ ಪಟ್ಟಿಯಲ್ಲೇ ಇದೆ. ಇಷ್ಟು ಗೊತ್ತಿದ್ದೂ ನಾವು ಚಾರ್ಜ್ ಕೊಡುವುದು ಒಂದು ಮಧ್ಯಾಹ್ನದಲ್ಲಿ.

ಪಟ್ಟಿಯಲ್ಲಿ ಮುಂದಿನ ಸರದಿ ಇರುವವರಿಗೆ ಎರಡು ವರ್ಷ ಮೊದಲೇ ಒಂದು ನೋಟೀಸು ಕೊಡಲಿ. ಕೋರ್ಸು ಕನ್ನಡದಲ್ಲಿ ಇರಲಿ. ಇಪ್ಪತ್ತೈದು ವರ್ಷ ಕನ್ನಡದಲ್ಲಿ ಸಮಾಜ ಪಾಠ ಮಾಡಿದವರನ್ನು ಇಂಗ್ಲಿಷ್ ಪುಸ್ತಕದ ಮುಂದೆ ಕೂರಿಸಿ ನಾಯಕತ್ವ ಕಲಿಯಿರಿ ಅಂದರೆ ಹೇಗೆ. ಅರ್ಧ ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ, ಅರ್ಧ ಒಳ್ಳೆಯ ಹೆಡ್‌ಮಾಸ್ಟರೊಬ್ಬರ ಪಕ್ಕದ ಕುರ್ಚಿಯಲ್ಲಿ. ರಾಷ್ಟ್ರೀಯ ಶಿಕ್ಷಣ ನೀತಿ ಮುಖ್ಯ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ತರಬೇತಿ ಅಂತ ಹೇಳುತ್ತದೆ. ಆ ಗಂಟೆಗಳನ್ನು ಸೇರಿಸುತ್ತಾ ಹೋಗಿ ಕೊನೆಗೆ ವಿಶ್ವವಿದ್ಯಾಲಯವೊಂದು ಡಿಪ್ಲೊಮಾ ಅಂತ ಒಪ್ಪಿಕೊಂಡರೆ, ಸೇವಾ ಪುಸ್ತಕದಲ್ಲಿ ಬರೆಯಲು ಕೇಸ್ ವರ್ಕರಿಗೂ ಒಂದು ಕಾಲಂ ಸಿಗುತ್ತದೆ. ಎಸ್‌ಡಿಎ ಹುದ್ದೆ ತುಂಬದೆ ಇದೆಲ್ಲ ಮಾಡುವುದಾದರೆ ಮಾತ್ರ ಬೇಡವೇ ಬೇಡ, ಬಿಲ್ಲು ಬರೆಯುವ ಕೈಗೆ ಕ್ಲಾಸಿನ ಕಡೆ ಹೋಗಲು ಬಿಡುವಿರುವುದಿಲ್ಲ.

ಮೊನ್ನೆ ನಮ್ಮ ಶಾಲೆಗೆ ಬಡ್ತಿಯ ಮೇಲೆ ಹೊಸ ಹೆಡ್‌ಮಿಸ್ಟ್ರೆಸ್ ಬಂದರು. ರಿಟೈರ್ ಆಗಲು ಅವರಿಗೆ ಹತ್ತೊಂಬತ್ತು ತಿಂಗಳಿದೆ. ಚಾರ್ಜ್ ಕೊಟ್ಟೆ, ಹದಿನೇಳು ಬೀಗದ ಕೈಯನ್ನೂ ಎಣಿಸಿ ಕೊಟ್ಟೆ. ಲಿಸ್ಟಿನ ಜೊತೆ ಯಾವ ತಿಂಗಳು ಯಾವ ಬಿಲ್ಲು, ಯಾವ ವಹಿ, ಯಾರಿಗೆ ಫೋನು ಅಂತ ನಾಲ್ಕು ಹಾಳೆ ಬರೆದು ಪಿನ್ ಮಾಡಿದ್ದೆ. ಅವರು ಮೊದಲು ಓದಿದ್ದು ಆ ನಾಲ್ಕು ಹಾಳೆಯನ್ನು.

ಇನ್ನು ಸೇರಬೇಕಾ ಬೇಡವಾ ಅಂತ ಕೇಳುವವರಿಗೆ. ಸಂಬಳ, ಬಡ್ತಿ ಇವುಗಳಿಗಾಗಿ ಆದರೆ ಬೇಡ, ಸರ್ಕಾರಿ ಶಾಲೆಯಲ್ಲಿ ಏನೂ ಹುಟ್ಟುವುದಿಲ್ಲ. ಖಾಸಗಿ ಶಾಲೆಯವರಿಗೆ ಬಯೋಡೇಟಾದಲ್ಲಿ ಒಂದು ಸಾಲು ಜಾಸ್ತಿಯಾಗುತ್ತದೆ. ಚಾರ್ಜ್ ಬಂದು ಆರು ತಿಂಗಳಾಗಿ, ಇದಿಷ್ಟೇನಾ ಈ ಕೆಲಸ ಅಂತ ಬೇಸರ ಬಂದವರು ಓದಿ, ಉಪಯೋಗ ಆಗುತ್ತದೆ. ಮೊದಲು ಪುಕ್ಕಟೆ ಪುಸ್ತಕ ತಿರುವಿ ನೋಡಿ, ಆಮೇಲೆ ಫೀಸು. ಪರೀಕ್ಷೆ ಇರುವುದು ಜೂನ್ ಮತ್ತು ಡಿಸೆಂಬರಿನಲ್ಲಿ. ಜೂನ್ ಅಂದರೆ ದಾಖಲಾತಿ, ಡಿಸೆಂಬರ್ ಅಂದರೆ ಪ್ರವಾಸ, ಅದನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಪಕ್ಕದ ಕ್ಲಸ್ಟರಿನ ಆ ಮೇಡಂ ಒಂದು ಪೇಪರನ್ನು ಮುಂದಿನ ಜೂನಿಗೆ ಬರೆಯಬೇಕಾಗಿ ಬಂದದ್ದು ಅದಕ್ಕೇ. ಪರೀಕ್ಷೆಯ ದಿನ ಅವರು 48 ಮಕ್ಕಳನ್ನು ಕರೆದುಕೊಂಡು ಹಳೇಬೀಡಿನಲ್ಲಿದ್ದರು.